ಗಾಜಿನೊಳಗಿನ ಬಂಗುಡೆಗಳು

ಕಾಪು
14 ಫೆಬ್ರವರಿ 2025, ಶುಕ್ರವಾರ

ನನ್ನ ಗುಲಾಬಿಗೆ, ನಿನ್ನ ಅಕ್ಕು ಅಕ್ಕ ಪ್ರೀತಿಯಿಂದ ಬರೆಯುವುದು.

ನಿನ್ನ ಸೊಂಟನೋವು ಈಗ ಹೇಗುಂಟು? ಡೊಂಬಿವಲಿಯ ಆ ಮೂರು ಮಹಡಿಯನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ನಿನ್ನ ಬಾವ ಚೆನ್ನಾಗಿದ್ದಾರೆ. ನನ್ನ ಎಡಗೈ ಬೆರಳುಗಳು ಮಾತ್ರ ಬೆಳಿಗ್ಗೆ ಎದ್ದಾಗ ಮಡಚಲು ಕೇಳುವುದಿಲ್ಲ. ಮಣಿಪಾಲದ ಡಾಕ್ಟರು ಬೆರಳಿಗೆ ಕೆಲಸ ಕೊಡುತ್ತಾ ಇರಿ ಎಂದರು. ಇನ್ನು ಬರೆಯುವ ವಿಷಯವನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆ ಒಬ್ಬಳ ಹೆಸರು ಎತ್ತಿದ ಕೂಡಲೇ ನೀನು “ಬಿಡು ಅಕ್ಕ” ಎಂದು ಕಟ್ ಮಾಡುತ್ತಿ. ಕಾಗದವನ್ನು ಕಟ್ ಮಾಡಲು ಆಗುವುದಿಲ್ಲ. ಕೂತು ಪೂರ್ತಿ ಓದು.

ನಮ್ಮ ಪಕ್ಕದ ಮನೆಯ ಪ್ಯಾಟ್ರಿಶಿಯಾ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅವಳ ಮನೆಯ ಹಿಂದಿನ ಹಾಲ್‌ನಲ್ಲಿ ಪ್ರತಿ ಶನಿವಾರ ಹಿರಿಯರ ಕೂಟ ನಡೆಸುತ್ತಾಳೆ. ಸುಲಭದ ಕೈಕೆಲಸ ಕಲಿಸುತ್ತಾರೆ, ಮಾಡಿದ್ದನ್ನು ಅವರವರು ಮನೆಗೆ ಒಯ್ಯಬಹುದು. ಮಳೆಗಾಲ ಮುಗಿದ ಮೇಲೆ ನಾನೂ ಸೇರಿದೆ. ಒಂದು ವಾರ ಹಳೆಯ ಸೀರೆಯ ಚೀಲ, ಇನ್ನೊಂದು ವಾರ ತೆಂಗಿನ ಗೆರಟೆಯಲ್ಲಿ ಪೆನ್ನಿನ ಸ್ಟ್ಯಾಂಡ್, ಮತ್ತೊಂದು ವಾರ ಪೇಪರಿನ ಬುಟ್ಟಿ. ಹೀಗೇ ತಂದರೆ ಇನ್ನು ನಾನು ಜಗಲಿಯಲ್ಲಿ ಮಲಗಬೇಕಷ್ಟೆ ಎಂದರು ನಿನ್ನ ಬಾವ. ಮೊದಲ ದಿನ ನಾನು ಹಾಲ್‌ನ ಬಾಗಿಲು ದಾಟುವಾಗ ಕಲಿಸಲು ನಿಂತಿದ್ದವಳು ಯಾರು ಗೊತ್ತುಂಟಾ? ಜಲಜಾಕ್ಷಿ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ಪೆನ್ಶನ್ ಪಡೆದವಳು. ನಾನು ತಿರುಗಿ ಬರುವವಳಿದ್ದೆ. ಅಷ್ಟರಲ್ಲಿ ಅವಳು ಓಡಿ ಬಂದು ಕೈಹಿಡಿದು, ಜೇನಿನಂಥ ದನಿಯಲ್ಲಿ ಕೇಳಿದಳು: “ಅಕ್ಕು ಅಕ್ಕ, ಬೊಂಬಾಯಿಯಲ್ಲಿ ತಂಗಿ ಚಂದ ಇದ್ದಾಳಲ್ವಾ?” ಅಲ್ಲಿಯೇ ಕೂತೆ ಗುಲಾಬಿ. ಎದ್ದು ಬರಬಾರದು ಎಂದು ಆ ಕ್ಷಣಕ್ಕೆ ತೀರ್ಮಾನಿಸಿದೆ.

ಮೂರನೆಯ ಶನಿವಾರ ಅವಳು ಗಾಜು ಹಾಕಿಸಿದ ಒಂದು ಫ್ರೇಮ್ ತಂದಳು. ಬಿಳಿ ಮೇಜುಬಟ್ಟೆ, ಸುತ್ತ ಅಂಚಿಗೆ ನೀಲಿ ದಾರದ ಬಂಗುಡೆ ಮೀನಿನ ಸಾಲು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಹನ್ನೊಂದು ತಿಂಗಳು ನೀನು ಕಿಟಕಿಯ ಹತ್ತಿರ ಕೂತು ಹೊಲಿದದ್ದು. ಹೊಲಿಗೆ ಟೀಚರ್ ಕೆಲಸದ ಸಂದರ್ಶನಕ್ಕೆಂದು ಮಾಡಿದ್ದು. ಟೈಲರಿಂಗ್ ಕ್ಲಾಸಿನ ಗೆಳತಿಯೆಂದು ನಂಬಿ, ಅಮ್ಮನಿಗೆ ತೋರಿಸಿ ತರುತ್ತೇನೆಂದವಳಿಗೆ ಕೊಟ್ಟದ್ದು. ಅದನ್ನೇ ಅವಳು ಶಾಲೆಯ ಕಮಿಟಿಯವರ ಮುಂದೆ ತನ್ನದೆಂದು ಹರಡಿ ನಿನ್ನ ಕೆಲಸ ತೆಗೆದುಕೊಂಡದ್ದು. ಈಗ ಕೂಟದವರಿಗೆ ಹೇಳಿದಳು: “ಇದು ನಾನು ಹತ್ತೊಂಬತ್ತು ವರ್ಷದ ಹುಡುಗಿ ಇರುವಾಗ ಮಾಡಿದ್ದು.” ಅವಳಿಗೆ ಆಗ ಇಪ್ಪತ್ತೊಂದು. ಹತ್ತೊಂಬತ್ತು ನಿನಗೆ. ಕಳ್ಳಿ ನಿನ್ನ ವಯಸ್ಸನ್ನೂ ಬಿಡಲಿಲ್ಲ.

ಎಲ್ಲರಿಗಿಂತ ಜೋರಾಗಿ ಹೊಗಳಿದವಳು ನಾನು. ಟೀಚರ್, ಇಂಥ ಒಂದು ಮೀನು ನಮಗೂ ಕಲಿಸಿ, ಕರವಸ್ತ್ರದ ಮೂಲೆಯಲ್ಲಿ ಒಂದೇ ಒಂದು ಸಾಕು, ಮನೆಗೆ ಒಯ್ಯುತ್ತೇವೆ ಎಂದೆ. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಕೂಟದ ಪಾಸ್ಕಲ್ ಬಾಬ್ ತೀರಿಹೋದ ಹೆಂಡತಿ ತೆರೆಸಾಳ ಫೋಟೋದ ಕೆಳಗೆ ಹಾಸಲು ತಮಗೊಂದು ಬೇಕೇ ಬೇಕು ಎಂದು ಹಟ ಹಿಡಿದರು. ಎಲ್ಲರೂ ಕೇಳಲು ಸುರು ಮಾಡಿದರು. ಜಲಜಾಕ್ಷಿಗೆ ಒಂದು ವಾರ ಕಣ್ಣು ಮಂಜು, ಒಂದು ವಾರ ಆ ನೀಲಿ ದಾರ ಸಿಗಲಿಲ್ಲ. ನಾನು ಬಸ್ಸು ಹತ್ತಿ ಉಡುಪಿಗೆ ಹೋಗಿ ದಾರ ತಂದೆ. ನಿನ್ನ ಆ ಹೊಲಿಗೆಗೆ ಒಳಗು ಹೊರಗು ಇಲ್ಲ, ಎರಡು ಕಡೆಯಿಂದಲೂ ಮೀನು ಒಂದೇ ರೀತಿ ಕಾಣುತ್ತದೆ. ಅದನ್ನು ನೀನು ನನಗೂ ಕಲಿಸಿರಲಿಲ್ಲ. ಅವಳಿಗೆ ಗೊತ್ತಿಲ್ಲವೆಂದು ನನಗೆ ನೂರಕ್ಕೆ ನೂರು ಗೊತ್ತಿತ್ತು. ಕೂಟದ ವಾರ್ಷಿಕೋತ್ಸವದ ದಿನ ಟೀಚರು ವೇದಿಕೆಯಲ್ಲೇ ಒಂದು ಮೀನು ಹೊಲಿದು ಕಲಿಸಲಿ, ಬಟ್ಟೆಯನ್ನು ಫ್ರೇಮಿನಿಂದ ತೆಗೆದು ಎಲ್ಲರ ಕೈಗೆ ಕೊಡೋಣ ಎಂದು ಪ್ಯಾಟ್ರಿಶಿಯಾಳಿಗೆ ಹೇಳಿದೆ. ಪಾಪ, ಅವಳಿಗೆ ಹಳೆಯ ಕತೆ ಏನೂ ತಿಳಿಯದು. ಸಂತೋಷದಿಂದ ಆಮಂತ್ರಣದಲ್ಲೇ ಹಾಕಿಸಿದಳು.

ಅದಕ್ಕೆ ಮೂರು ದಿನ ಮೊದಲು ಜಲಜಾಕ್ಷಿ ಒಬ್ಬಳೇ ನಮ್ಮ ಮನೆಗೆ ಬಂದಳು. ಚಹಾ ಕೊಟ್ಟೆ, ಗೋಳಿಬಜೆ ಕೊಟ್ಟೆ. ಅವಳು ತಿನ್ನಲಿಲ್ಲ. ನೆಲ ನೋಡುತ್ತಾ, “ಅಕ್ಕು ಅಕ್ಕ, ಆ ಮೀನಿನದ್ದೊಂದು ಬಿಟ್ಟುಬಿಡಿ” ಎಂದಳು. “ನಲವತ್ತಾರು ವರ್ಷ ಬಿಟ್ಟಿದ್ದೇವಲ್ಲ ಜಲಜಾಕ್ಷಿ” ಎಂದೆ. ಅವಳು ಎದ್ದು ಹೋದಳು.

ಕಳೆದ ಭಾನುವಾರ ವಾರ್ಷಿಕೋತ್ಸವಕ್ಕೆ ಹಾಲ್ ತುಂಬ ಜನ. ಅವಳ ಮಗ, ಸೊಸೆ, ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ನಲವತ್ತು ಜನ ಮುದುಕ ಮುದುಕಿಯರು ಕರವಸ್ತ್ರ ಹಿಡಿದು ಕಾಯುತ್ತಿದ್ದರು. ಅವಳು ಸೂಜಿಗೆ ದಾರ ಹಾಕಿದಳು, ಬಟ್ಟೆಗೆ ಚುಚ್ಚಿದಳು. ಮೀನಿನ ಬಾಲದ ಹತ್ತಿರ ಬರುವಾಗ ದಾರ ಗಂಟಾಯಿತು, ಬಿಚ್ಚಿ ಮತ್ತೆ ಚುಚ್ಚಿದಳು. ಅಷ್ಟರಲ್ಲಿ ನಿನ್ನ ಬಟ್ಟೆ ಕೈಯಿಂದ ಕೈಗೆ ಹೋಗಿ ಪಾಸ್ಕಲ್ ಬಾಬರ ಹತ್ತಿರ ಬಂದಿತ್ತು. ಅವರು ತಿರುಗಿಸಿ ತಿರುಗಿಸಿ ನೋಡಿ, “ಟೀಚರ್, ಇದರ ಹಿಂದೆ ಒಂದು ಗಂಟೂ ಇಲ್ಲ. ನಿಮ್ಮದರಲ್ಲಿ ಬರೀ ಗಂಟು ಉಂಟಲ್ಲ” ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಟ್ಟದ್ದು ಇದ್ದದ್ದು ನನ್ನಲ್ಲಿ. ನಾನು ಎದ್ದು ನಿಂತು ಕೇಳಿದೆ: “ಜಲಜಾಕ್ಷಿ, ಈ ಬಟ್ಟೆ ಹೊಲಿದದ್ದು ಯಾರು?” ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು. ಇನ್ನೊಮ್ಮೆ ಕೇಳಿದೆ. “ಗುಲಾಬಿ” ಎಂದಳು. ಯಾವ ಗುಲಾಬಿ ಎಂದೆ. “ನಿಮ್ಮ ತಂಗಿ ಗುಲಾಬಿ. ನಾನಲ್ಲ.” ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಸೊಸೆ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಸುಳ್ಳು ಹೇಳುವುದಿಲ್ಲ, ಆ ದಿನ ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಮಾರನೆಯ ದಿನದಿಂದ ಕೂಟದವರು ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಇನ್ನು ಬರುವುದಿಲ್ಲವೆಂದು ಜಲಜಾಕ್ಷಿ ಹೇಳಿ ಕಳುಹಿಸಿದಳು, ಕ್ಲಾಸು ನಿಂತಿತು. ಪಾಸ್ಕಲ್ ಬಾಬ್ ಗೇಟಿನ ಹತ್ತಿರ ನಿಲ್ಲಿಸಿ, “ಅವಳು ಕಳ್ಳಿಯೇ ಇರಬಹುದು. ನಮಗೆ ಚೀಲ ಹೊಲಿಯಲು ಕಲಿಸಿದಳು. ನೀವು ಎಂತ ಕಲಿಸಿದಿರಿ?” ಎಂದರು. ನಾನು ಗೇಟು ಹಾಕಿ ಒಳಗೆ ಬಂದೆ. ನಿನ್ನ ಬಾವ ಎಲ್ಲ ಕೇಳಿ ಒಂದೇ ಮಾತು ಹೇಳಿದರು: “ಅಂದೇ ಹೇಳಬಹುದಿತ್ತಲ್ಲ ನೀನು.”

ಅದು ಸತ್ಯ. ಅಂದು ನೀನು ಶಾಲೆಯ ಜಗಲಿಯಲ್ಲಿ ನಿಂತು ಇದು ನನ್ನದು ಎಂದು ಕೂಗಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ನನ್ನ ಮದುವೆಯ ಮಾತುಕತೆ ನಡೆಸುತ್ತಿದ್ದವಳು ಜಲಜಾಕ್ಷಿಯ ಸೋದರತ್ತೆ. ಇಪ್ಪತ್ತನಾಲ್ಕು ದಾಟಿದ್ದ ನನಗೆ ಆ ಸಂಬಂಧ ತಪ್ಪಿದರೆ ಎಂಬ ಹೆದರಿಕೆ. ನೀನು ಸುಳ್ಳು ಹೇಳಿದೆ ಎಂದು ಕ್ಷಮಾಪಣೆ ಬರೆದುಕೊಡಲು ಕಮಿಟಿಯವರು ಹೇಳಿದಾಗ ಪೆನ್ನನ್ನು ನಿನ್ನ ಬೆರಳಿಗೆ ಹಿಡಿಸಿದವಳು ನಾನು. ತಿಂಗಳೊಳಗೆ ಸೋದರಮಾವ ನಿನ್ನನ್ನು ಬೊಂಬಾಯಿಗೆ ಕರೆದೊಯ್ದು ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯಲು ಕೂರಿಸಿದರು. ನೀನು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟಿನಲ್ಲಿ ಅರ್ಧ ಆಗಲೇ ಕರಗುತ್ತಿತ್ತೋ ಏನೋ. ಇಷ್ಟೂ ವರ್ಷ ಅದನ್ನೆಲ್ಲ ಜಲಜಾಕ್ಷಿಯೊಬ್ಬಳ ಹೆಸರಿಗೇ ಇಟ್ಟುಕೊಂಡು ಬಂದೆ.

ಮನೆಯವರಿಗೆಲ್ಲ ನಮ್ಮ ನೆನಪು ಹೇಳು. ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಕ್ಕ,
ಅಕ್ಕು

ಮರೆತ ಮಾತು: ಆ ದಿನವೇ ಮನೆಗೆ ತಂದ ನಿನ್ನ ಬಟ್ಟೆ ನನ್ನ ಹತ್ತಿರ ಉಂಟು, ಯಾರಿಗೂ ಕೊಟ್ಟಿಲ್ಲ. ನಿನ್ನ ಮಗಳು ಆಶ್ರಿತಾಳಿಗೆ ಫೋನ್ ಮಾಡಿದ್ದೆ. ಮೊಮ್ಮಗಳ ಫ್ರಾಕಿಗೆ ನೀನು ಮೊನ್ನೆ ಒಂದು ಮೀನು ಹೊಲಿದದ್ದನ್ನು ಅವಳೇ ಹೇಳಿದಳು. ನಿನಗೆ ರೈಲಿನ ಟಿಕೆಟನ್ನೂ ಮಾಡಿಸಿದ್ದಾಳೆ, ಸಿಟ್ಟಾಗಬೇಡ. ಮಾರ್ಚ್ ಒಂದನೇ ತಾರೀಕು ಶನಿವಾರದಿಂದ ಕ್ಲಾಸು ನೀನು ನಡೆಸುತ್ತಿ ಎಂದು ಪ್ಯಾಟ್ರಿಶಿಯಾಳಿಗೆ ಮಾತು ಕೊಟ್ಟಾಗಿದೆ. ನಿನ್ನೆ ಜಲಜಾಕ್ಷಿಯ ಮನೆಗೆ ಹೋಗಿ ಕಲಿಯಲು ಬರಬೇಕು ಎಂದೆ. ತುಂಬ ಹೊತ್ತು ಅತ್ತಳು, ನಾನು ಸಮಾಧಾನ ಮಾಡಲಿಲ್ಲ. ಕೊನೆಗೆ ಬರುತ್ತೇನೆ ಎಂದಳು. ಎದುರಿನ ಸಾಲಿನಲ್ಲಿ ಅವಳಿಗೊಂದು ಕುರ್ಚಿ, ಪಕ್ಕದಲ್ಲೇ ನನಗೊಂದು ಇಡಿಸಿದ್ದೇನೆ. ನಮ್ಮಿಬ್ಬರಲ್ಲಿ ಯಾರ ಹೊಲಿಗೆ ತಪ್ಪಿದರೂ ಎಲ್ಲರ ಎದುರಿಗೇ ಬಿಚ್ಚಿಸು. ಅಕ್ಕ ಎಂದು ಬಿಡಬೇಡ.