ಮೂವತ್ತೆರಡೂ ಮಕ್ಕಳು ಚಲೋ ಅದಾರ

ಕ್ರಿಸ್ತಶಕ 2231, ಬಾಗಿಲುಮುಚ್ಚಿನ ಅರವತ್ತೊಂದನೆಯ ದಿನ
ಮಕ್ಕಳ ತಂಪುಗವಿ, ಕಲಬುರಗಿ ಸೀಮೆ

ಇನ್ನೂರು ವರ್ಷ ಹಿಂದೆ ಪಾಠ ಹೇಳುತ್ತಿರುವ ಶಿಕ್ಷಕರೇ,

ಈ ತಾರೀಖು ನಿಮಗೆ ಹುಚ್ಚಾಟವೆನ್ನಿಸಬಹುದು. ನಮ್ಮ ಕೆಲವು ಪದಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಬಾಗಿಲುಮುಚ್ಚು ಎಂದರೆ ನಮ್ಮ ಬೇಸಿಗೆ. ಹೊರಗಿನ ಗಾಳಿ ಮೈ ಸುಡುವ ಆ ನೂರು ದಿನ ನಾವು ಹಳೆಯ ಕಲ್ಲುಗಣಿಗಳ ಒಳಗೆ ಇರುತ್ತೇವೆ. ಅವನ್ನೇ ತಂಪುಗವಿ ಎನ್ನುತ್ತೇವೆ. ದೊಡ್ಡವರು ದುಡಿಯುವ ಗವಿ ಬೇರೆ, ಮಕ್ಕಳ ಗವಿ ಬೇರೆ. ನಡುವೆ ಮೂರು ಹರದಾರಿ ಬಿಸಿಲು. ನನ್ನ ಹೆಸರು ನಿಂಬೆವ್ವ ತಳವಾರ. ಇಲ್ಲಿನ ಮೂವತ್ತೆರಡು ಮಕ್ಕಳಿಗೆ ನಾನೊಬ್ಬಳೇ ಶಿಕ್ಷಕಿ.

ನಮ್ಮ ಗವಿ ಉದ್ದಕ್ಕೆ ತೊಂಬತ್ತು ಹೆಜ್ಜೆ. ಗೋಡೆಯ ಪ್ರತಿ ಬಿರುಕಿಗೂ ಮಕ್ಕಳು ಒಂದೊಂದು ಹೆಸರಿಟ್ಟಿದ್ದಾರೆ. ದೀಪ ಹಳದಿಯಾದರೆ ಬೆಳಗು, ಕೆಂಪಾದರೆ ಸಂಜೆ. ಓಡಿದರೆ ಹೆಚ್ಚು ಗಾಳಿ ಖರ್ಚಾಗುತ್ತದೆಂದು ಓಡುವುದಕ್ಕೆ ಅಪ್ಪಣೆಯಿಲ್ಲ. ಮಧ್ಯಾಹ್ನ ಎಲ್ಲರೂ ಒಂದೇ ಉದ್ದನೆಯ ಕಲ್ಲಿನ ಎರಡೂ ಬದಿಗೆ ಕುಳಿತು ಜೋಳದ ರೊಟ್ಟಿ, ಬೇಳೆ ಉಣ್ಣುತ್ತೇವೆ. ದಿನವೂ ಬೆಳಿಗ್ಗೆ ಹಾಜರಿ ಕೂಗುವಾಗ ಮಗು ‘ಚಲೋ ಅದೀನ್ರಿ’ ಎನ್ನಬೇಕು, ನಾನು ಕ್ಷೇಮದ ಪುಸ್ತಕದಲ್ಲಿ ಗುರುತು ಹಾಕಬೇಕು. ಬೇರೆ ಗವಿಗಳ ಜೊತೆ ಮಾತಾಡಲು ಇರುವ ಮಾತುತಂತಿ ವಾರಕ್ಕೊಮ್ಮೆ ಹತ್ತು ನಿಮಿಷ ಜೀವ ಪಡೆಯುತ್ತದೆ. ಆಗ ಮೇಲಿನವರಿಗೆ ವರದಿ ಒಪ್ಪಿಸುವುದು ನನ್ನ ಕೆಲಸ. ಆರು ವಾರ ನಾನು ಒಂದೇ ಮಾತು ಹೇಳಿದೆ: ಮೂವತ್ತೆರಡೂ ಮಕ್ಕಳು ಚಲೋ ಅದಾರ. ಅದನ್ನು ಹೇಳುವಾಗ ನನಗೆ ಹೆಮ್ಮೆಯಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ನಲವತ್ತಮೂರನೆಯ ದಿನ, ಹಲಗೆಯ ಮುಂದೆ ಭಿನ್ನರಾಶಿ ಬಿಡಿಸುತ್ತಿದ್ದ ಹಂಪಮ್ಮ ಕುಸಿದುಬಿದ್ದಳು. ಹನ್ನೊಂದು ವರ್ಷದ ಹುಡುಗಿ. ಒಮ್ಮೆಯೂ ತಂಟೆ ಮಾಡಿದವಳಲ್ಲ. ಎತ್ತಿಕೊಂಡರೆ ಭಾರವೇ ಇರಲಿಲ್ಲ. ನೀರು ಕುಡಿಸಿ ನನ್ನ ಹಾಸಿಗೆಯ ಮೇಲೆ ಮಲಗಿಸಿದಾಗ ವಿಷಯ ಹೊರಬಿತ್ತು. ಮೂರು ವಾರದಿಂದ ಅವಳು ತನ್ನ ರೊಟ್ಟಿಯನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದಳು. ಊಟಕ್ಕೆ ಅವಳು ಕುಳಿತುಕೊಳ್ಳುತ್ತಿದ್ದುದು ನನ್ನ ಎದುರಿಗೇ.

“ಯಾಕವ್ವ ಹಿಂಗ ಮಾಡ್ದಿ?” ಎಂದು ಕೇಳಿದೆ.

“ಜಡ್ಡಾದ್ರ ತಂಪುಗಾಡ್ಯಾಗ ಹಾಕಿ ಹೊರಗ ಒಯ್ತಾರಲ್ರಿ. ದವಾಖಾನಿ ಅವ್ವನ ಗವಿ ಬಾಜೂಕ ಅದ.”

ತಂಪುಗಾಡಿ ಬರುವುದು ಸಾಯುವಷ್ಟು ಜಡ್ಡಾದವರಿಗೆ ಮಾತ್ರ. ಅವಳ ತಾಯಿಗೆ ಹೆರಿಗೆ ಹತ್ತಿರವಾಗಿತ್ತು. ಮಗು ಹುಟ್ಟಿತೋ ಇಲ್ಲವೋ, ತಾಯಿ ಬದುಕಿದ್ದಾಳೋ ಇಲ್ಲವೋ, ಒಂದೂ ಅವಳಿಗೆ ಗೊತ್ತಿರಲಿಲ್ಲ.

“ದಿನಾ ನನ್ನ ಮುಂದ ಚಲೋ ಅದೀನಿ ಅಂತಿದ್ದೆಲ್ಲ?”

“ಇಲ್ಲ ಅಂದಿದ್ರ ಏನ್ ಮಾಡ್ತಿದ್ರಿ? ಬಾಗಲಾ ತೆಗೀತಿದ್ರೇನು?”

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. “ತೆಗೀಲಾಕ ಬರಂಗಿಲ್ಲ,” ಎಂದೆ. “ನನಗೂ ಹೊರಗ ಹೋಗಬೇಕು ಅನಸ್ತದ. ದಿನಾ ಅನಸ್ತದ.”

ಅವಳು ತಲೆಯೆತ್ತಿ ನೋಡಿದಳು. “ನಿಮಗೂ?” ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ನಾನು ಪಾಠಕ್ಕೆ ಏಳಲಿಲ್ಲ.

ಆ ವಾರ ತಂತಿಗೆ ಜೀವ ಬಂದಾಗ ವರದಿ ಒಪ್ಪಿಸುವ ಬದಲು ಅವಳ ತಾಯಿಯ ಗವಿಗೆ ಜೋಡಿಸಿದೆ. ಇದು ಅಪರಾಧವೆಂದು ಗೊತ್ತಿತ್ತು. “ತಮ್ಮ ಹುಟ್ಯಾನ, ನಿನ್ನ ಹಂಗೇ ಗಂಟಲಾ ಹರಕೋತಾನ,” ಎಂದಿತು ಆ ಕಡೆಯಿಂದ ತಾಯಿಯ ದನಿ. “ಅಳೂದು ಕೇಳಸು,” ಎಂದಳು ಹಂಪಮ್ಮ. ಉಳಿದ ಹೊತ್ತೆಲ್ಲ ಆ ಕೂಸಿನ ಅಳು ಕೇಳುತ್ತಾ ಕುಳಿತಳು. ಮಧ್ಯಾಹ್ನ ಅರ್ಧ ರೊಟ್ಟಿ ತಿಂದಳು. ಮಿಕ್ಕರ್ಧ ತಟ್ಟೆಯಲ್ಲೇ ಉಳಿಯಿತು.

ಮರುದಿನ ಹಾಜರಿಗೆ ಮೊದಲು ನಾನೇ ಹೇಳಿದೆ, ಇವತ್ತು ನನಗೆ ಚಲೋ ಇಲ್ಲ ಎಂದು. ಆಮೇಲೆ ಒಬ್ಬೊಬ್ಬರಾಗಿ ಹತ್ತೊಂಬತ್ತು ಮಕ್ಕಳು ಇಲ್ಲ ಎಂದರು. ಒಬ್ಬಳು, “ನಿಮ್ಮ ದನಿ ಕೇಳಿದ್ರ ಸಿಟ್ಟು ಬರ್ತದ,” ಎಂದಳು. ಬರೆದುಕೊಂಡೆ. ಗಣಿತದ ಎರಡು ಪಾಠ ಹಿಂದೆ ಬಿದ್ದವು. ಮುಂದಿನ ವಾರದ ತಂತಿ ಇನ್ನೊಂದು ಮಗುವಿನದಾಯಿತು.

ಮೊನ್ನೆ ತಂತಿಗೆ ಜೀವ ಬಂದಾಗ ಮೇಲಿನಿಂದ ಆದೇಶ ಬಂತು. ಎರಡು ವರದಿ ತಪ್ಪಿವೆ, ಮಕ್ಕಳಲ್ಲಿ ಅಶಾಂತಿ ಹೆಚ್ಚಿದೆ, ಬಾಗಿಲು ತೆರೆಯುವ ದಿನದಿಂದ ನಾನು ಶಿಕ್ಷಕಿಯಲ್ಲ. ವಜಾ ಆದವಳಿಗೂ ಹೊರಗೆ ಹೋಗಲು ದಾರಿಯಿಲ್ಲದ್ದರಿಂದ ಇನ್ನೂ ಮೂವತ್ತೊಂಬತ್ತು ದಿನ ಪಾಠ ಹೇಳುತ್ತೇನೆ. ಮಕ್ಕಳಿಗೆ ಇದನ್ನು ತಿಳಿಸಿದ್ದೇನೆ. ನಿನ್ನೆ ಹಂಪಮ್ಮ ಸೀಮೆಸುಣ್ಣಕ್ಕಾಗಿ ಪಕ್ಕದವಳ ಜೊತೆ ಜಗಳವಾಡಿ ಕಿರುಚಿದಳು. ಇಬ್ಬರನ್ನೂ ಗದರಿಸಬೇಕಿತ್ತು. ನನಗೆ ಮನಸ್ಸಾಗಲಿಲ್ಲ.

ಇಲ್ಲಿಂದ ನಿಮ್ಮನ್ನು ಬೇಡಿಕೊಳ್ಳುವುದು ಇಷ್ಟೇ. ನಿಮ್ಮ ತರಗತಿಯಲ್ಲಿ ಎಂದೂ ತೊಂದರೆ ಕೊಡದ ಒಂದು ಮಗು ಇದ್ದೇ ಇರುತ್ತದೆ. ನಾಳೆ ಊಟದ ಹೊತ್ತಿಗೆ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಬುದ್ಧಿಮಾತು ಬೇಡ. ಅದು ಉಣ್ಣುತ್ತಿದೆಯೇ, ನೋಡಿ.

ನಿಮ್ಮ,
ನಿಂಬೆವ್ವ ತಳವಾರ
ಇನ್ನು ಮೂವತ್ತೊಂಬತ್ತು ದಿನ ಶಿಕ್ಷಕಿ