ಸುಟ್ಟದ್ದು ಚಹಾ ಅಲ್ಲ

ಅವ್ವಾ,

ಕಪಾಟಿನ ಮೇಲಿಟ್ಟ ಬಾಟಲಿಯ ಮುಚ್ಚಳ ತೆಗೆಯಬೇಡ. ಒಳಗಿನದು ಇರುವೆಯಂತೆ ಕಂಡರೂ ಇರುವೆಯಲ್ಲ, ಕೆಂಪು-ಕಪ್ಪು ಪಟ್ಟೆಯ ಸಣ್ಣ ದುಂಬಿ. ಅಂಗಳದ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ; ಮೈಮೇಲೆ ಜಜ್ಜಿಹೋದರೆ ಅದರ ರಸಕ್ಕೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕೂಸಿನ ಕುತ್ತಿಗೆಗೆ ಆದದ್ದು ಇದೇ. ಹುಮನಾಬಾದಿನ ಡಾಕ್ಟರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ.

ಮೈಮೇಲೆ ಕೂತರೆ ಊದಿ ಹಾರಿಸು, ಹೊಡೆಯಬೇಡ. ಸಂಜೆ ಹೊರಗಿನ ದೀಪ ಹಚ್ಚಬೇಡ.

“ಚಹಾ ಚೆಲ್ಲಿ ಕೂಸಿನ ಸುಟ್ಟಾಳ, ಮ್ಯಾಲ ಸುಳ್ಳ ಹೇಳಾಕತ್ತಾಳ” ಅಂತ ನೀನು ಸೊಸೆಯ ಬಗ್ಗೆ ಅಂದೆ. ಸ್ನೇಹಲ್ ಈಗ ಕೂಸನ್ನು ಎತ್ತಿಕೊಳ್ಳಲೂ ಅಂಜುತ್ತಾಳೆ. ನಿಮ್ಮಿಬ್ಬರ ನಡುವೆ ಮಾತು ಹೊತ್ತು ನನಗೆ ಸಾಕಾಗಿದೆ. ಬಾಟಲಿಯನ್ನು ನೀನೇ ಅವಳಿಗೆ ತೋರಿಸು. ಆಮೇಲೆ ಓಣಿಯ ಭಾಗಮ್ಮನ ಮನೆಗೂ ತೆಗೆದುಕೊಂಡು ಹೋಗು. ಚಹಾದ ಸುದ್ದಿ ಅಲ್ಲಿಗೆ ಮುಟ್ಟಿಸಿದವಳೂ ನೀನೇ.

ಶಂಕರಲಿಂಗ