ಹಾಡಿನ ನಡುವಿನ ನಗು

ಲೇ ಕಾಗೆ,

ಜಾಝ್‌ಗಿಂತ ಜಗಳವೇ ಜಾಸ್ತಿಯಿದ್ದ ನಮ್ಮ ಸಂಸಾರದಲ್ಲಿ ಇಬ್ಬರೂ ಸೇರಿ ರೆಕಾರ್ಡ್ ಮಾಡಿದ್ದ ಹಾಡೊಂದನ್ನು, ನೀನು ತೀರಿಕೊಂಡ ಮೇಲೆ, ಇಂಟರ್‌ನೆಟ್ಟಿಗೆ ಹಾಕಿದ್ದೆ. ನಾನು ಬೇಕಂತಲೇ ನಡುವೆ ಪಿಯಾನೊ ನಿಲ್ಲಿಸಿದಾಗ ನೀನು ಹಾಡುವುದು ಬಿಟ್ಟು ನಕ್ಕಿದ್ದೆಯಲ್ಲ, ಅದೇ ಹಾಡು. ಎಲ್ಲೋ ದೂರದ ಗಾಯಕಿಯೊಬ್ಬಳು ಅದನ್ನು ಕೇಳಿ ಕೇಳಿ ಕಲಿತಿದ್ದಾಳೆ. ಇವತ್ತು ವಿಡಿಯೊ ಕಾಲ್ ಮಾಡಿದಳು.

"ತಾತ, ಹಾಡೆಲ್ಲ ಬಂತು. ಆ ನಗು ಮಾತ್ರ ಸರಿಯಾಗಿ ಕೂರ್ತಿಲ್ಲ."

ನಿನ್ನ ನಗುವನ್ನೂ ಹಾಡಿನ ಭಾಗ ಅಂದುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ.

"ಹಾಡಮ್ಮ, ನೋಡೋಣ," ಅಂದು ಪಿಯಾನೊ ನುಡಿಸತೊಡಗಿದೆ. ಆ ನಗುವಿನ ಜಾಗಕ್ಕೆ ಇನ್ನೂ ಒಂದು ಸಾಲು ಇರುವಾಗಲೇ ಗಪ್ಪನೆ ನಿಲ್ಲಿಸಿದೆ. ಪಕ್ಕನೆ ನಕ್ಕಳು, ಥೇಟ್ ನಿನ್ನ ಹಾಗೆ.

"ತಾತ, ಇದ್ದೀರಾ? ಏನೂ ಕಾಣ್ತಿಲ್ಲ."

"ನೆಟ್‌ವರ್ಕ್ ಸರಿಯಿಲ್ಲಮ್ಮ," ಅಂದೆ, ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದುಕೊಂಡು.